ಟಗರಿಗೂ ಬೆಡಗು ನೋಡೋಣ

ನಮ್ಮ ಕಡೆ ಮದುವೆ ಮಾತು ಬಂದರೆ ಮೊದಲು ಕೇಳುವುದು ಬೆಡಗು. ಒಂದೇ ಬೆಡಗು ಅಂದರೆ ಅಣ್ಣ-ತಂಗಿ, ಮಾತು ಅಲ್ಲಿಗೇ ಮುಗಿಯಿತು. ಹೊಲ, ಬಂಗಾರ, ನೌಕರಿ ಎಲ್ಲ ಆಮೇಲೆ. ಅದೇ ಮನೆಯ ಕುರಿ ಹಿಂಡಿನಲ್ಲಿ ಮಾತ್ರ ಒಂದೇ ಟಗರು ನಾಲ್ಕೈದು ವರ್ಷ ಇರುತ್ತದೆ. ಅದರ ಮಗಳು ಬೆದೆಗೆ ಬಂದಾಗಲೂ ಅದೇ ಟಗರು, ಮೊಮ್ಮಗಳಿಗೂ ಅದೇ.

ನಾವು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ನಮ್ಮಲ್ಲಿ ಕೆಲವರು ಕುರಿಗಾರರ ಮನೆಯವರೇ. ದೇವದುರ್ಗ, ಮಾನ್ವಿ ಕಡೆಯ ಹಟ್ಟಿಗಳಿಗೆ ಹೋದಾಗೆಲ್ಲ ಒಂದು ಪ್ರಶ್ನೆ ಕೇಳುತ್ತಾ ಬಂದೆವು: "ಕಾಕಾ, ಈ ಟಗರು ಎಲ್ಲಿಂದ ತಂದ್ರಿ?"

"ಎಲ್ಲಿಂದೂ ತಂದಿಲ್ಲ, ನಮ್ಮ ಹಟ್ಟ್ಯಾಗ ಹುಟ್ಟಿದ್ದು," ಎಂದು ಹೆಮ್ಮೆಯಿಂದ ಹೇಳುತ್ತಾರೆ. ಮರಿಗಳು ಹೇಗಿವೆ ಎಂದರೆ ದನಿ ಇಳಿಯುತ್ತದೆ. "ಮೊದಲಿನಂಗ ಇಲ್ಲ ತಮ್ಮಾ. ಸಣ್ಣ ಹುಟ್ತಾವ. ಒಂದು ಮಳಿ ಬಂದ್ರ ಎರಡು ಸಾಯ್ತಾವ."

ಎಲ್ಲರೂ ಮೇವಿಲ್ಲ ಎನ್ನುತ್ತಾರೆ. ಅದೂ ನಿಜ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂತು, ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ. ಬೀಳು ಬಿದ್ದ ಹೊಲಗಳು ಭತ್ತದ ಗದ್ದೆಯಾದವು. ಆದರೆ ಮೇವಿನ ಜೊತೆಗೆ ಇನ್ನೊಂದು ಕಾರಣವಿದೆ, ಅದು ರಕ್ತ.

ಪ್ರತಿ ಮರಿಗೂ ಒಂದೊಂದು ಗುಣದ ಎರಡು ಪ್ರತಿ ಸಿಗುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದರಲ್ಲಿ ದೋಷವಿದ್ದರೆ ಇನ್ನೊಂದು ಅದನ್ನು ಮುಚ್ಚುತ್ತದೆ. ತಂದೆ-ಮಗಳು ಕೂಡಿದಾಗ ಎರಡೂ ಪ್ರತಿ ಒಂದೇ ಮೂಲದಿಂದ ಬರುವ ಸಾಧ್ಯತೆ ಶೇ 25, ಅಂದರೆ ರೂಪಾಯಿಗೆ ನಾಲ್ಕಾಣೆ. ಒಂದೇ ಟಗರಿಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಅಣ್ಣ-ತಂಗಿ ಕೂಡಿದರೆ ಎರಡಾಣೆ. ಆಗ ಮುಚ್ಚಿದ್ದ ದೋಷ ಹೊರಗೆ ಬರುತ್ತದೆ. ಮರಿ ಸಣ್ಣದಾಗುತ್ತದೆ, ಕುರಿ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ಯಾವುದೂ ಒಂದೇ ವರ್ಷದಲ್ಲಿ ಕಾಣುವುದಿಲ್ಲ, ಅದಕ್ಕೇ ಯಾರೂ ಟಗರನ್ನು ಅನುಮಾನಿಸುವುದಿಲ್ಲ.

ಇನ್ನೊಂದು ಲೆಕ್ಕ ನಮ್ಮನ್ನೇ ಬೆಚ್ಚಿಬೀಳಿಸಿತು. 40 ಕುರಿ, 1 ಟಗರು ಇರುವ ಹಿಂಡು ರಕ್ತದ ಲೆಕ್ಕದಲ್ಲಿ 41 ಅಲ್ಲ, 4 ಕೂಡ ತುಂಬುವುದಿಲ್ಲ. ಕುರಿಗಳನ್ನು 80 ಮಾಡಿದರೂ 4 ದಾಟುವುದಿಲ್ಲ. 40 ಕುರಿಗೆ 2 ಟಗರು ಕಟ್ಟಿ ನೋಡಿ, ಏಳೂವರೆ ಆಗುತ್ತದೆ, ಆ ಎರಡು ಬೇರೆ ಬೇರೆ ಹಿಂಡಿನವಾಗಿದ್ದರೆ ಮಾತ್ರ. ತಳಿ ಉಳಿಯಲು ಈ ಲೆಕ್ಕ ಕನಿಷ್ಠ 50 ಇರಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ. ಒಂದು ಮನೆಯಿಂದ ಇದು ಆಗುವ ಕೆಲಸವಲ್ಲ. ನಾಲ್ಕಾರು ಊರು ಕೂಡಬೇಕು.

ಸಂತೆಯೂ ಒಂದು ಪೆಟ್ಟು ಕೊಡುತ್ತದೆ. ದಷ್ಟಪುಷ್ಟ ಗಂಡುಮರಿಗೆ ಬಕ್ರೀದ್ ಹೊತ್ತಿಗೆ ಒಳ್ಳೆ ರೇಟು, ಅದು ಮೊದಲು ಹೋಗುತ್ತದೆ. ಯಾರೂ ಕೊಳ್ಳದೆ ಉಳಿದದ್ದು ಬೀಜದ ಟಗರಾಗುತ್ತದೆ. ಜೋಳದಲ್ಲಿ ಒಳ್ಳೆ ತೆನೆ ಮಾರಿ ಜೊಳ್ಳನ್ನು ಬಿತ್ತನೆಗೆ ಇಟ್ಟರೆ ನಗುತ್ತೇವೆ. ಇಲ್ಲಿ ಅದನ್ನೇ ಮಾಡುತ್ತಿದ್ದೇವೆ.

ಹೋಗಲಿ, ಹೊರಗಿನ ತಳಿ ತರೋಣ ಎನ್ನುವವರೂ ಇದ್ದಾರೆ. ಯಳಗ ಬೇಗ ಬೆಳೆಯುತ್ತದೆ, ನಾರಿ ಸುವರ್ಣ ಅವಳಿ ಈಯುತ್ತದೆ. ಮನೆ ಮುಂದೆ ಕಟ್ಟಿ ಮೇಯಿಸುವವರಿಗೆ ಅದು ಸರಿ ಇರಬಹುದು. ನಮ್ಮ ಕೆಂಗುರಿ ಬೇರೆ. ರಾಯಚೂರು-ಕೊಪ್ಪಳ ಸೀಮೆಯ ಈ ಕೆಂಪು ಕುರಿ ಇಲ್ಲಿನ ಬಿಸಿಲು, ಒಣ ಹುಲ್ಲು, ದೂರದ ನಡಿಗೆ ತಡೆದು ಬಂದದ್ದು. ಎಲ್ಲ ಹಿಂಡಿಗೂ ಬೆರಕೆ ಮಾಡಿದರೆ ನಾಳೆ ಬೇಕೆಂದರೂ ಅಸಲು ಕೆಂಗುರಿ ಸಿಗುವುದಿಲ್ಲ. ಕೆಂಗುರಿಗೆ ಹೊಸ ರಕ್ತ ಇನ್ನೊಂದು ಊರಿನ ಕೆಂಗುರಿಯಿಂದಲೇ ಬರಲಿ.

ಬೇರೆಯವರ ತಳಿ ನಂಬಿದರೆ ಏನಾಗುತ್ತದೆ ಎಂದು ಈ ಎಡೆದೊರೆ ನಾಡು ಮೊದಲೇ ನೋಡಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ ಕಾಲದಲ್ಲಿ ವಿಜಯನಗರದ ಯುದ್ಧದ ಕುದುರೆಗಳು ಹಡಗಿನಲ್ಲಿ ಬರುತ್ತಿದ್ದವು. ಅದಕ್ಕೂ ಮುಂಚೆ ಸಾಳುವ ನರಸಿಂಹ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಕೊಡುತ್ತಿದ್ದ ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ.

ಒಂದೇ ಗಂಡನ್ನು ನಂಬಿದ ಕಥೆ ಅಮೆರಿಕದ್ದು. 1962ರಲ್ಲಿ ಹುಟ್ಟಿದ ಚೀಫ್ ಎಂಬ ಎಚ್‌ಎಫ್ ಹೋರಿಗೆ 16 ಸಾವಿರ ಹೆಣ್ಣುಕರುಗಳು ಹುಟ್ಟಿದವು. ಹಾಲು ಹೆಚ್ಚಿತು. ಆದರೆ ಅದರ ರಕ್ತದಲ್ಲಿ ಒಂದು ದೋಷ ಅಡಗಿತ್ತು. ತಾಯಿ-ತಂದೆ ಎರಡೂ ಕಡೆಯಿಂದ ಆ ದೋಷ ಬಂದ ಕರು ಹೊಟ್ಟೆಯಲ್ಲೇ ಸಾಯುತ್ತಿತ್ತು. ಜಗತ್ತಿನಾದ್ಯಂತ ಹೀಗೆ 5 ಲಕ್ಷಕ್ಕೂ ಹೆಚ್ಚು ಕರು ಹೋದವು ಎಂಬುದು ವಿಜ್ಞಾನಿಗಳ ಅಂದಾಜು.

ನಮ್ಮಲ್ಲಿ ಮಾಡಬೇಕಾದ್ದಕ್ಕೆ ದೊಡ್ಡ ಖರ್ಚಿಲ್ಲ.

ಮರಿ ಹಾಲು ಬಿಡುವಾಗಲೇ, ಸಂತೆಗೆ ಹೊಡೆಯುವ ಮೊದಲು, ಒಂದೆರಡು ಒಳ್ಳೆ ಗಂಡುಮರಿ ಎತ್ತಿಡಿ. ಅದರ ತಾಯಿ ಹಾಲಿನ ಕುರಿಯಾಗಿರಲಿ.

ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ. ಮಾರಬೇಕಿಲ್ಲ, ಅದಲು-ಬದಲು ಸಾಕು. ದೇವದುರ್ಗದ ಹಟ್ಟಿಯ ಟಗರು ಮಾನ್ವಿಗೆ, ಮಾನ್ವಿಯದು ದೇವದುರ್ಗಕ್ಕೆ. ಪಕ್ಕದ ಮನೆಯದು ಬೇಡ, ಅದು ನಿಮ್ಮ ಟಗರಿನ ತಮ್ಮನೇ ಇರಬಹುದು.

ಹೊಸ ಟಗರನ್ನು ಮೂರು ವಾರ ಬೇರೆ ಕಟ್ಟಿ. ಪಿಪಿಆರ್ ಲಸಿಕೆ ಆಗಿದೆಯೇ ಕೇಳಿ, ಕಂದುರೋಗದ ರಕ್ತ ಪರೀಕ್ಷೆ ಮಾಡಿಸಿ.

ಯಾವ ಟಗರು, ಯಾವ ಊರು, ಯಾವ ವರ್ಷ, ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಡಿ. ಶಾಲೆಗೆ ಹೋಗುವ ಮಗಳಿಗೆ ಹೇಳಿದರೆ ಅವಳೇ ಬರೆಯುತ್ತಾಳೆ.

ಮಾನ್ವಿ ಕಡೆಯ ಒಬ್ಬ ಅಜ್ಜ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮಪ್ಪ ಕುರಿ ತರುಬಾಕ ದೂರದ ಊರಿಗೆ ಹೋದಾಗ ಟಗರು ಬದಲಿ ಮಾಡ್ಕೊಂಡು ಬರ್ತಿದ್ದ. ಯಾಕಂತ ನಾವು ಕೇಳಿರ್ಲಿಲ್ಲ," ಅಂದರು. ಹಿಂಡುಗಳು ದೂರ ಹೋಗುವುದು ಈಗ ಕಡಿಮೆಯಾಗಿದೆ, ಆ ಬದಲಿಯೂ ನಿಂತಿದೆ. ಕೈಯಲ್ಲಿ ಫೋನಿದೆಯಲ್ಲ, ಇಪ್ಪತ್ತು ಹರದಾರಿ ಆಚೆಯ ಕುರಿಗಾರನನ್ನು ಕೇಳಲು ಈಗ ನಡೆಯಬೇಕಿಲ್ಲ.