ಬೆಟ್ಟದ ಮೇಲಿನ ಬಾವುಟ

ಜಯದ ಬಾವುಟವನ್ನು ನೆಡುವ ಕೈ ಒಂದು. ಅದಕ್ಕಾಗಿ ನೆಲವನ್ನು ಹಸನುಮಾಡಿದ ಕೈಗಳು ಹಲವು. ಇಟಲಿಯ ಮಾಂಟೆ ಕ್ಯಾಸಿನೊ ಬೆಟ್ಟವೇ ಈ ಮಾತಿಗೆ ಸಾಕ್ಷಿ. ನೆತ್ತಿಯಲ್ಲಿ ಪ್ರಾಚೀನ ಕ್ರೈಸ್ತಮಠವನ್ನು ಹೊತ್ತು, ರೋಮಿನ ದಾರಿಯನ್ನು ಕಾಯುತ್ತಿದ್ದ ಆ ಬೆಟ್ಟವನ್ನು ಜರ್ಮನರಿಂದ ಕಸಿದುಕೊಳ್ಳಲು ಮಿತ್ರರಾಷ್ಟ್ರಗಳು 1944ರ ಜನವರಿಯಿಂದ ಮೇ ತಿಂಗಳವರೆಗೆ ನಾಲ್ಕು ಬಾರಿ ದಾಳಿ ನಡೆಸಿದವು. ಅಮೆರಿಕನರು, ನ್ಯೂಜಿಲೆಂಡಿನವರು, ನಾಲ್ಕನೆಯ ಭಾರತೀಯ ಡಿವಿಜನ್ನಿನ ಯೋಧರು ಅಲ್ಲಿ ನೆತ್ತರು ಚೆಲ್ಲಿದರು. ಶಿಖರ ಮಾತ್ರ ದಕ್ಕಲಿಲ್ಲ. ಕೊನೆಗೆ ಮೇ 18ರಂದು, ಬಾಂಬುಗಳಿಂದ ಪುಡಿಯಾಗಿದ್ದ ಮಠದ ಮೇಲೆ ಪೋಲೆಂಡಿನ ಬಾವುಟ ಹಾರಿತು. ಸಾವಿರಕ್ಕೂ ಮಿಕ್ಕ ಪೋಲಿಷ್ ವೀರರು ಅದರ ಮಗ್ಗುಲಲ್ಲೇ ಚಿರನಿದ್ರೆಯಲ್ಲಿದ್ದಾರೆ.

ಆ ಸೈನಿಕರಲ್ಲಿ ಬಹಳ ಮಂದಿಯ ಹುಟ್ಟೂರು ಪೂರ್ವ ಪೋಲೆಂಡಿನಲ್ಲಿತ್ತು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಕಲೆತ ಮಿತ್ರನಾಯಕರು ಆ ನೆಲವನ್ನೇ ಸೋವಿಯತ್ ಒಕ್ಕೂಟಕ್ಕೆ ಒಪ್ಪಿಸಿದರು. 1946ರ ಜೂನ್ 8ರಂದು ಲಂಡನ್ನಿನಲ್ಲಿ ವಿಜಯದ ಮೆರವಣಿಗೆ ಸಾಗಿದಾಗ, ಅದರಲ್ಲಿ ಪೋಲಿಷ್ ಸೇನೆ ಇರಲಿಲ್ಲ. ಊರಿಗಾಗಿ ಹೋರಾಡಿದವನಿಗೆ ಗೆಲುವಿನ ದಿನ ಊರೇ ಇಲ್ಲವಾಯಿತು!

ದೇಶಾಭಿಮಾನ ಹಿರಿದಾದದ್ದು, ನಿಜ. ಆದರೆ ತನ್ನವರ ಗೋರಿಗಳನ್ನಷ್ಟೇ ಎಣಿಸುವ ಅಭಿಮಾನ ಅರ್ಧ ಲೆಕ್ಕ. ಜೊತೆಯಲ್ಲಿ ಮಡಿದವನ ಋಣವನ್ನೂ ಬರೆದಿಟ್ಟುಕೊಂಡ ನಾಡಿಗಷ್ಟೇ ತನ್ನ ಬಾವುಟವನ್ನು ತಲೆಯೆತ್ತಿ ನೋಡುವ ಹಕ್ಕು ಒದಗುತ್ತದೆ.