ಲ್ಯೂಕ್ ಎಸೆದ ಕತ್ತಿ

ಎರಡು ವರ್ಷ ಕಾದವರ ಕಣ್ಣೆದುರಿಗೇ ಲ್ಯೂಕ್ ಸ್ಕೈವಾಕರ್ ಆ ಬೆಳಕಿನ ಕತ್ತಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ. 2015ರ 'ದ ಫೋರ್ಸ್ ಅವೇಕನ್ಸ್' ಮುಗಿದದ್ದು ಸಮುದ್ರದ ನಡುವಿನ ಕಡಿದಾದ ಬಂಡೆಯೊಂದರ ಮೇಲೆ. ರೇ ಎಂಬ ಹುಡುಗಿ ಕೈ ಚಾಚಿ ಕತ್ತಿ ನೀಡುತ್ತಾಳೆ, ಮುಪ್ಪಡರಿದ ಲ್ಯೂಕ್ ಮಾತಿಲ್ಲದೆ ನೋಡುತ್ತಾನೆ. ಅವನು ಅದನ್ನು ಹೇಗೆ ಹಿಡಿಯುತ್ತಾನೆ, ಯಾರ ಮೇಲೆ ಝಳಪಿಸುತ್ತಾನೆ ಎಂದು ಅಭಿಮಾನಿಗಳು ಕೂತಲ್ಲಿ ನಿಂತಲ್ಲಿ ಲೆಕ್ಕ ಹಾಕಿದ್ದರು. 2017ರ ಡಿಸೆಂಬರಿನಲ್ಲಿ ರಯಾನ್ ಜಾನ್ಸನ್ ಬರೆದು ನಿರ್ದೇಶಿಸಿದ 'ದ ಲಾಸ್ಟ್ ಜೆಡೈ' ತೆರೆಗೆ ಬಂತು. ಲೆಕ್ಕವೆಲ್ಲ ತಲೆಕೆಳಗಾಯಿತು, ಜಗಳ ಶುರುವಾಯಿತು. ಸ್ಟಾರ್ ವಾರ್ಸ್ ಎಂದರೆ ಪ್ರಾಣ ಎನ್ನುವ ಇಬ್ಬರು ಇಂದು ಒಂದೆಡೆ ಕೂತರೂ ಆ ಮಾತು ಏಳದೆ ಇರುವುದಿಲ್ಲ.

ವಿಮರ್ಶಕರು ಚಿತ್ರವನ್ನು ಹೊತ್ತು ಮೆರೆಸಿದರು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್‌ನಲ್ಲಿ 100ಕ್ಕೆ 90ರಷ್ಟು ವಿಮರ್ಶಕರು ಮೆಚ್ಚಿದ್ದರೆ, ಅಲ್ಲೇ ಪ್ರೇಕ್ಷಕರು ಕೊಟ್ಟ ಅಂಕ ಅರ್ಧಕ್ಕೂ ಕಡಿಮೆ. ಅಮೆರಿಕದ ಚಿತ್ರಮಂದಿರಗಳಿಂದ ಹೊರಬರುತ್ತಿದ್ದವರನ್ನು ಕೇಳಿದ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಮಾತ್ರ ಇದೇ ಚಿತ್ರಕ್ಕೆ 'ಎ' ದರ್ಜೆ. ಗಳಿಕೆ 130 ಕೋಟಿ ಡಾಲರ್ ದಾಟಿತು. ಹಾಗಾಗಿ ಜನ ತಿರಸ್ಕರಿಸಿದರು ಎನ್ನುವಂತಿಲ್ಲ. ನೊಂದವರು ಯಾರೆಂದರೆ, ಈ ಕಥೆಯ ಜೊತೆಗೇ ಬೆಳೆದವರು.

ಅವರ ನೋವು ನನಗೆ ಅರ್ಥವಾಗುತ್ತದೆ. ವಿಮರ್ಶಕ ಎರಡೂವರೆ ಗಂಟೆಯ ಒಂದು ಚಿತ್ರ ನೋಡುತ್ತಾನೆ. ಅಭಿಮಾನಿ ನೋಡುವುದು 1977ರಿಂದ ತನ್ನೊಳಗೆ ಓಡುತ್ತಿರುವ ಚಿತ್ರವನ್ನು. ಅವರು ಎತ್ತಿದ ಆಕ್ಷೇಪಗಳಲ್ಲಿ ಒಂದಂತೂ ಹಗುರವಾದದ್ದಲ್ಲ. ಡಾರ್ತ್ ವೇಡರನಂಥ ಕಟುಕನಲ್ಲೂ ಒಳ್ಳೆಯತನ ಉಳಿದಿದೆ ಎಂದು ನಂಬಿ ಜೀವವನ್ನೇ ಒತ್ತೆ ಇಟ್ಟವನು ಲ್ಯೂಕ್. ಅಂಥವನು ನಿದ್ದೆಯಲ್ಲಿದ್ದ ಸೋದರಳಿಯನ ತಲೆಯ ಬಳಿ, ಅರೆಗಳಿಗೆಯ ಮಟ್ಟಿಗಾದರೂ, ಕತ್ತಿ ಬೆಳಗಿಸಿ ನಿಂತಾನೆಯೇ? ಆ ಪಾತ್ರವನ್ನು ನಾಲ್ಕು ದಶಕ ಹೊತ್ತ ಮಾರ್ಕ್ ಹ್ಯಾಮಿಲ್ ಅವರೇ ತಮಗೂ ನಿರ್ದೇಶಕರಿಗೂ ಲ್ಯೂಕ್ ವಿಷಯದಲ್ಲಿ ಭಿನ್ನಾಭಿಪ್ರಾಯ ಇದ್ದದ್ದನ್ನು ಬಹಿರಂಗವಾಗಿ ಹೇಳಿದ್ದರು. ಆಮೇಲೆ, ಅದನ್ನು ಹೊರಗೆ ಆಡಬಾರದಿತ್ತು ಎಂದು ವಿಷಾದಿಸಿದರು. ಪಾತ್ರಧಾರಿಗೇ ನುಂಗಲು ಕಷ್ಟವಾದದ್ದು ಪ್ರೇಕ್ಷಕನ ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ತಪ್ಪೇನಿಲ್ಲ.

ಆದರೂ ನಾನು ಜಾನ್ಸನ್ ಪಕ್ಷ. 1983ರ 'ರಿಟರ್ನ್ ಆಫ್ ದ ಜೆಡೈ'ಯಲ್ಲಿ ಚಕ್ರವರ್ತಿ ಪಾಲ್ಪಟೀನನ ಮುಂದೆ ಲ್ಯೂಕ್ ಮಾಡಿದ್ದೇನು? ತನ್ನ ತಂದೆಯೇ ಆದ ವೇಡರನನ್ನು ಕೊಲ್ಲುವ ಅವಕಾಶ ಕೈಯಲ್ಲಿದ್ದಾಗಲೇ ಆಯುಧವನ್ನು ಎಸೆದ. ಅವನ ಬಾಳಿನ ದೊಡ್ಡ ಗೆಲುವೇ ಅದು. ಇಲ್ಲಿ ಬಂಡೆಯ ಮೇಲೆ ಎಸೆಯುವಾಗ ಅವನಲ್ಲಿರುವುದು ಸೋಲಿನ ಕಹಿ, ಹತಾಶೆ, ಇದನ್ನು ಒಪ್ಪುತ್ತೇನೆ. ಆದರೆ ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲವಲ್ಲ! ಕೊನೆಯಲ್ಲಿ, ಕೆಂಪು ಮಣ್ಣಿನ ಮೇಲೆ ಉಪ್ಪಿನ ಹೊದಿಕೆಯಿರುವ ಕ್ರೇಟ್ ಗ್ರಹದಲ್ಲಿ, ಇಡೀ ಸೈನ್ಯದ ಎದುರು ಅವನು ಒಬ್ಬನೇ ಬಂದು ನಿಲ್ಲುತ್ತಾನೆ. ಸೋದರಳಿಯ ಬೀಸಿದ ಏಟುಗಳನ್ನೆಲ್ಲ ತಪ್ಪಿಸಿಕೊಳ್ಳುತ್ತಾನೆ, ತಾನು ಒಂದೇ ಒಂದು ಏಟು ಹಾಕುವುದಿಲ್ಲ. ಅಲ್ಲಿ ಬಂದಿರುವುದು ಅವನ ದೇಹವೂ ಅಲ್ಲ; ಎಲ್ಲೋ ದೂರದ ದ್ವೀಪದಲ್ಲಿ ಕೂತು ಕಳಿಸಿದ ಅವನ ಛಾಯೆ. ಅಳಿದುಳಿದ ಕೈಬೆರಳೆಣಿಕೆಯ ಬಂಡಾಯಗಾರರು ಪಾರಾಗುವಷ್ಟು ಹೊತ್ತು ವೈರಿಯನ್ನು ತಡೆದು, ಎರಡು ಸೂರ್ಯರು ಮುಳುಗುತ್ತಿದ್ದಂತೆ ಪ್ರಾಣ ಬಿಡುತ್ತಾನೆ. ಶಕ್ತಿ ಇರುವುದು ರಕ್ಷಣೆಗೆ, ಆಕ್ರಮಣಕ್ಕಲ್ಲ ಎಂದು 1980ರ ಚಿತ್ರದಲ್ಲಿ ಗುರು ಯೋಡಾ ಲ್ಯೂಕನಿಗೆ ಕಲಿಸಿದ ಪಾಠವನ್ನು ಇಷ್ಟು ಪೂರ್ತಿಯಾಗಿ ಪಾಲಿಸಿದ ಇನ್ನೊಂದು ದೃಶ್ಯ ಈ ಸರಣಿಯಲ್ಲಿಲ್ಲ. ಲ್ಯೂಕನಿಗೆ ಅವಮಾನವಾಯಿತು ಎನ್ನುವವರು ಈ ಕಾಲು ಗಂಟೆಯನ್ನು ಇನ್ನೊಮ್ಮೆ ನೋಡಬೇಕು.

ಚಿತ್ರದಲ್ಲಿ ಕುಂದಿಲ್ಲವೆಂದಲ್ಲ. ಕ್ಯಾಂಟೊ ಬೈಟ್ ಎಂಬ ಜೂಜಿನ ಪಟ್ಟಣದ ಪ್ರಸಂಗ ಎಳೆದಾಡುತ್ತದೆ. ಇಂಧನ ತೀರುತ್ತಿರುವ ಹಡಗಿನ ಬೆನ್ನಟ್ಟುವಿಕೆಯೂ ಹಾಗೆಯೇ. ಇದನ್ನೆಲ್ಲ ಹೇಳಲಿ, ಹೇಳಲೇಬೇಕು.

ಕಥೆಯನ್ನೇ ಬದಲಿಸಿಬಿಟ್ಟರು ಎಂಬ ದೂರಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಸ್ಟಾರ್ ವಾರ್ಸ್ ಶುರುವಿನಿಂದಲೂ ತನ್ನನ್ನು ತಾನೇ ಬದಲಿಸಿಕೊಳ್ಳುತ್ತ ಬಂದ ಕಥೆ. 1977ರ ಚಿತ್ರದಲ್ಲಿ ವೇಡರ್ ಲ್ಯೂಕನ ತಂದೆಯನ್ನು ಕೊಂದವನು. 1980ರಲ್ಲಿ ಅವನೇ ತಂದೆ. ನಂಬಲಾರದೆ ಜನ ಮೂರು ವರ್ಷ ವಾದ ಮಾಡಿದರು. ಅರ್ವಿನ್ ಕರ್ಶ್ನರ್ ನಿರ್ದೇಶಿಸಿದ ಆ 'ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಚಿತ್ರವನ್ನು ನ್ಯೂಯಾರ್ಕ್ ಟೈಮ್ಸ್‌ನ ವಿನ್ಸೆಂಟ್ ಕ್ಯಾನ್ಬಿಯಂಥ ವಿಮರ್ಶಕರೂ ಆಗ ಮೆಚ್ಚಲಿಲ್ಲ. ಇಂದು ಸರಣಿಯ ಶಿಖರ ಯಾವುದೆಂದು ಕೇಳಿದರೆ ಹೆಚ್ಚಿನವರು ಬೆರಳು ತೋರಿಸುವುದು ಅದರತ್ತಲೇ.

ಕನ್ನಡ ಓದಿದವರಿಗೆ ಇದು ಹೊಸತಾಗಿ ಕಾಣಬೇಕಿಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಐವರ ಮಡದಿಯಲ್ಲ, ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟವೇರುವವನೂ ಧರ್ಮರಾಯನಲ್ಲ, ಅರ್ಜುನ. ಎಲ್ಲರಿಗೂ ಗೊತ್ತಿದ್ದ ಕಥೆಯ ಬುಡಕ್ಕೇ ಕೈ ಹಾಕಿದ ಆ ಕಾವ್ಯವನ್ನು ನಾವು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಎದೆಗೊತ್ತಿಕೊಂಡಿದ್ದೇವೆ.

ಇನ್ನು, ಈ ಗದ್ದಲದಲ್ಲಿ ನಡೆದ ಒಂದು ಅನ್ಯಾಯವನ್ನು ವಿಮರ್ಶೆ ಎಂದು ಕರೆಯಲು ನಾಲಗೆ ಏಳುವುದಿಲ್ಲ. ರೋಸ್ ಟಿಕೊ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಅಮೆರಿಕಕ್ಕೆ ಹೋದವರ ಮಗಳು. ಆಕೆಯ ಮೈಬಣ್ಣ, ಮುಖ, ಮೈಕಟ್ಟುಗಳನ್ನು ಹಿಡಿದು ಎಷ್ಟು ಹೊಲಸು ಸುರಿದರೆಂದರೆ, 2018ರ ಜೂನ್ ಹೊತ್ತಿಗೆ ಆಕೆ ಇನ್‌ಸ್ಟಾಗ್ರಾಂನಲ್ಲಿದ್ದ ತನ್ನ ಬರಹ, ಚಿತ್ರಗಳನ್ನೆಲ್ಲ ಅಳಿಸಿ ಹಾಕಿದ್ದರು. ಅದೇ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಲೇಖನದಲ್ಲಿ ಆಕೆ ತಲೆ ತಗ್ಗಿಸಲು ನಿರಾಕರಿಸಿದರು. 1999ರಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಕೂಡ ಇಂಥದ್ದೇ ಬೈಗುಳಕ್ಕೆ ಗುರಿಯಾಗಿ ಸಾಯುವ ಯೋಚನೆ ಮಾಡಿದ್ದಾಗಿ ಹೇಳಿಕೊಂಡಿದ್ದಾರೆ. ಪಾತ್ರ ಹಿಡಿಸಲಿಲ್ಲವೆಂದರೆ ಬರೆದವರನ್ನು ಕೇಳಬೇಕು. ಕೊಟ್ಟ ಮಾತು ಆಡಿದವರ ಬದುಕಿಗೆ ಕೈ ಹಾಕಲು ಯಾವ ಅಭಿಮಾನವೂ ಹಕ್ಕು ಕೊಡುವುದಿಲ್ಲ.

ಇಷ್ಟಾದ ಮೇಲೆ ನಿರ್ಮಾಪಕರು ಬೆದರಿದಂತೆ ನನಗೆ ಕಂಡಿತು. 2019ರ 'ದ ರೈಸ್ ಆಫ್ ಸ್ಕೈವಾಕರ್' ಹಿಂದಿನ ಚಿತ್ರ ಹೇಳಿದ್ದನ್ನೆಲ್ಲ ಒಂದೊಂದಾಗಿ ಹಿಂತೆಗೆದುಕೊಂಡಿತು. ರೇ ಯಾವ ದೊಡ್ಡ ಮನೆತನದವಳೂ ಅಲ್ಲ, ಅವಳ ಹೆತ್ತವರು ಯಾರೂ ಅಲ್ಲದವರು ಎಂದು ಜಾನ್ಸನ್ ಹೇಳಿದ್ದರು. ಈ ಸರಣಿ ಆಡಿದ ಅತ್ಯಂತ ಉದಾರವಾದ ಮಾತು ಅದು: ಶಕ್ತಿ ಯಾರ ಮನೆಯ ಸ್ವತ್ತೂ ಅಲ್ಲ, ಲಾಯ ಗುಡಿಸುವ ಹುಡುಗನಲ್ಲೂ ಅದು ಇರಬಹುದು. ಎರಡೇ ವರ್ಷದಲ್ಲಿ ರೇ ಚಕ್ರವರ್ತಿ ಪಾಲ್ಪಟೀನನ ಮೊಮ್ಮಗಳಾಗಿ ಹೋದಳು. 142 ನಿಮಿಷದ ಚಿತ್ರದಲ್ಲಿ ರೋಸ್‌ಗೆ ಉಳಿದದ್ದು ಎರಡು ನಿಮಿಷವೂ ಇಲ್ಲ. ಎಲ್ಲರನ್ನೂ ಸಮಾಧಾನಪಡಿಸಲು ಹೊರಟ ಆ ಚಿತ್ರವನ್ನು ವಿಮರ್ಶಕರಲ್ಲಿ ಅರ್ಧದಷ್ಟು ಜನ ಮಾತ್ರ ಮೆಚ್ಚಿದರು, ಗಳಿಕೆಯೂ ಇಳಿಯಿತು.

ಬಿಡುವಿದ್ದಾಗ 1980ರ ಚಿತ್ರವನ್ನೂ 2017ರ ಚಿತ್ರವನ್ನೂ ಒಂದರ ಹಿಂದೊಂದು ನೋಡಿ. ನೋಡಿ ಬಂದು ಬೇಕಾದಷ್ಟು ಜಗಳವಾಡಿ. ನನ್ನ ಮಟ್ಟಿಗಂತೂ, 'ಎಂಪೈರ್' ಪಕ್ಕದಲ್ಲಿ ಕೂರುವ ಯೋಗ್ಯತೆ ಇರುವ ಚಿತ್ರ 'ದ ಲಾಸ್ಟ್ ಜೆಡೈ' ಒಂದೇ.