ಸಿಲಿಂಡರ್ ಇದೆ, ಹೊಗೆಯೂ ಇದೆ

ಶುದ್ಧ ಇಂಧನದ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಎರಡು ಚಿತ್ರಗಳನ್ನು ಹೆಚ್ಚಾಗಿ ಕಾಣುತ್ತೇವೆ. ಒಂದು, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳದ್ದು. ಇನ್ನೊಂದು, ತುಮಕೂರು ಜಿಲ್ಲೆಯ ಪಾವಗಡದ ಸೋಲಾರ್ ಪಾರ್ಕಿನದ್ದು. ಅಲ್ಲಿ ಸುಮಾರು 13,000 ಎಕರೆ ಜಾಗದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಫಲಕಗಳಿವೆ. ಮಳೆಯನ್ನೇ ಕಾಣದ ಊರಿನಲ್ಲಿ ಬಿಸಿಲೇ ಬೆಳೆಯಾಯಿತು ಎಂದರೆ ಅದು ಸಂತೋಷದ ವಿಷಯವೇ. ಆದರೆ ಇಂಧನದ ಬಗ್ಗೆ ನಡೆಯುವ ಇಂತಹ ದೊಡ್ಡ ಚರ್ಚೆಗಳಲ್ಲಿ ನಮ್ಮ ಅಡಿಗೆಮನೆಯ ಹೆಸರು ಬರುವುದು ಬಹಳ ಅಪರೂಪ. ಹೆಣ್ಣಿಗೆ ಇಂಧನ ಎಂದರೆ ಮೊದಲು ನೆನಪಾಗುವುದು ಒಲೆ. ಬೆಳಗ್ಗೆ ಸುಬ್‌ಹ್ ನಮಾಝ್ ಮುಗಿಸಿ ಅವಳು ಮೊದಲು ಹೋಗಿ ನಿಲ್ಲುವುದು ಅದರ ಮುಂದೆಯೇ.

ನಮ್ಮ ಕರಾವಳಿಯ ಹಳ್ಳಿ ಮನೆಗಳನ್ನು ನೋಡಿದವರಿಗೆ ಈ ಒಲೆಯ ಪರಿಚಯ ಬೇಕಿಲ್ಲ. ತೆಂಗಿನ ಮಡಲು, ಕಾಯಿಯ ಸಿಪ್ಪೆ, ಗೆರಟೆ, ತೋಟದಲ್ಲಿ ಹೆಕ್ಕಿದ ಪುಳ್ಳೆ ಎಲ್ಲವೂ ಅದಕ್ಕೆ ಆಹಾರ. ಮಳೆಗಾಲದಲ್ಲಿ ಒದ್ದೆ ಸೌದೆಗೆ ಬೆಂಕಿ ಹಿಡಿಸುವಷ್ಟರಲ್ಲಿ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ. ಕೆಲವು ಮನೆಗಳಲ್ಲಿ ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಕುಳಿತು ಬೀಡಿ ಕಟ್ಟುವುದೂ ಇದೆ. ಮಡಿಲಲ್ಲಿ ಮಗುವೂ ಇರುತ್ತದೆ. ಹೊಗೆ ತಾಯಿಯನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ. ಕಟ್ಟಿಗೆ, ಬೆರಣಿ, ಸೀಮೆಎಣ್ಣೆಯಂತಹ ಇಂಧನಗಳಿಂದ ಮನೆಯೊಳಗೆ ತುಂಬುವ ಹೊಗೆಯಿಂದಾಗಿ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನರು ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಶ್ವಾಸಕೋಶದ ಮತ್ತು ಹೃದಯದ ಕಾಯಿಲೆ, ಕಣ್ಣಿನ ಪೊರೆ ಇವೆಲ್ಲಕ್ಕೂ ಈ ಹೊಗೆಗೂ ಸಂಬಂಧವಿದೆ. ಆದರೆ ಕೆಮ್ಮಿಕೊಂಡೇ ಅಡಿಗೆ ಮಾಡುವ ತಾಯಿಯನ್ನು ನಾವು ರೋಗಿಯೆಂದು ಎಣಿಸುವುದಿಲ್ಲ. "ಅವರಿಗೆ ಮೊದಲಿನಿಂದಲೂ ಕೆಮ್ಮು ಇದೆ" ಎಂದು ಹೇಳಿ ಮುಗಿಸಿಬಿಡುತ್ತೇವೆ.

ಒಮ್ಮೆ ಎಂಟನೇ ತರಗತಿಯಲ್ಲಿ ಇಂಧನಗಳ ಬಗ್ಗೆ ಮಾತನಾಡುತ್ತಾ, "ಯಾರ ಯಾರ ಮನೆಯಲ್ಲಿ ಗ್ಯಾಸ್ ಇದೆ?" ಎಂದು ಕೇಳಿದೆ. ಎಲ್ಲ ಹೆಣ್ಣುಮಕ್ಕಳೂ ಕೈ ಎತ್ತಿದರು. "ಇವತ್ತು ಅನ್ನ ಬೇಯಿಸಿದ್ದು ಯಾವುದರಲ್ಲಿ?" ಎಂದು ಎರಡನೆಯ ಪ್ರಶ್ನೆ ಕೇಳಿದಾಗ ಅವರು ಮುಖ ಮುಖ ನೋಡಿಕೊಂಡು ನಕ್ಕರು. ಅರ್ಧಕ್ಕಿಂತ ಹೆಚ್ಚು ಮಂದಿಯ ಉತ್ತರ, "ಒಲೆಯಲ್ಲಿ ಟೀಚರ್" ಎಂದೇ ಆಗಿತ್ತು. ಒಬ್ಬಳು ಎದ್ದು ನಿಂತು, "ಗ್ಯಾಸ್ ನೆಂಟರು ಬಂದಾಗ ಚಹಾ ಮಾಡಲಿಕ್ಕೆ ಟೀಚರ್, ಬೇಗ ಮುಗಿದರೆ ಉಮ್ಮ ಬೈಯುತ್ತಾರೆ" ಎಂದಳು. ಸರಕಾರದ ದೊಡ್ಡ ದೊಡ್ಡ ವರದಿಗಳು ಹೇಳುವುದನ್ನೇ ಆ ಹುಡುಗಿ ಒಂದು ಸಾಲಿನಲ್ಲಿ ಹೇಳಿದ್ದಳು.

ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾದದ್ದು 2016ರ ಮೇ 1ರಂದು, ಉತ್ತರ ಪ್ರದೇಶದ ಬಲಿಯಾದಲ್ಲಿ. ಬಡ ಕುಟುಂಬದ ಮಹಿಳೆಯ ಹೆಸರಿನಲ್ಲೇ ಸಂಪರ್ಕ ಕೊಡುವ ಯೋಜನೆಯಿದು. 2019ರ ಸೆಪ್ಟೆಂಬರ್‌ನಲ್ಲಿ ಎಂಟು ಕೋಟಿ ಸಂಪರ್ಕಗಳು ಪೂರ್ಣಗೊಂಡವು. 2021ರಲ್ಲಿ ಎರಡನೇ ಹಂತ ಬಂದಾಗ, ಕೆಲಸ ಹುಡುಕಿ ಊರು ಬಿಟ್ಟವರು ವಿಳಾಸದ ದಾಖಲೆಯಿಲ್ಲದಿದ್ದರೂ ಸ್ವಂತ ಘೋಷಣೆ ಬರೆದುಕೊಟ್ಟು ಸಂಪರ್ಕ ಪಡೆಯಬಹುದೆಂದಾಯಿತು. ಇದೆಲ್ಲ ನಿಜಕ್ಕೂ ಮೆಚ್ಚತಕ್ಕ ಕೆಲಸ. ಒಳ್ಳೆಯದನ್ನು ಯಾರು ಮಾಡಿದರೂ ಒಳ್ಳೆಯದೆಂದು ಹೇಳಬೇಕು.

ಆದರೆ ಸಂಪರ್ಕ ಕೊಟ್ಟ ಮೇಲೆ ಏನಾಯಿತು? ಕೇಂದ್ರದ ಮಹಾಲೇಖಪಾಲರು 2019ರ ವರದಿಯಲ್ಲಿ ಇದನ್ನೇ ಪರಿಶೀಲಿಸಿದರು. 2018ರ ಡಿಸೆಂಬರ್ ಅಂತ್ಯಕ್ಕೆ, ಸಂಪರ್ಕ ಪಡೆದು ಒಂದು ವರ್ಷ ದಾಟಿದ ಉಜ್ವಲಾ ಕುಟುಂಬಗಳು ವರ್ಷಕ್ಕೆ ಸರಾಸರಿ 3.21 ಸಿಲಿಂಡರ್‌ಗಳನ್ನಷ್ಟೇ ತುಂಬಿಸಿಕೊಂಡಿದ್ದವು. ಅಂದರೆ ಒಂದು ಸಿಲಿಂಡರ್ ನಾಲ್ಕು ತಿಂಗಳ ಹತ್ತಿರ ಬರಬೇಕು. ಮೂರು ಹೊತ್ತು ಗ್ಯಾಸಿನಲ್ಲೇ ಅಡಿಗೆ ಮಾಡುವ ಐದು ಜನರ ಮನೆಯಲ್ಲಿ ಸಿಲಿಂಡರ್ ಎಷ್ಟು ದಿನ ಬರುತ್ತದೆಂದು ಈ ಪತ್ರಿಕೆ ಓದುವ ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಉಳಿದ ದಿನಗಳಲ್ಲಿ ಉರಿದದ್ದು ಕಟ್ಟಿಗೆಯೇ. 2024-25ರ ಹೊತ್ತಿಗೆ ಈ ಸರಾಸರಿ ನಾಲ್ಕೂವರೆಯ ಹತ್ತಿರ ಬಂದಿದೆ. ಏರಿಕೆ ಹೌದು, ಆದರೆ ಅದೂ ಸಾಲದು.

ಕಾರಣಗಳು ಗುಟ್ಟಿನವೇನಲ್ಲ. 2023ರ ಮಾರ್ಚ್‌ನಲ್ಲಿ ದಿಲ್ಲಿಯಲ್ಲಿ ಮನೆಬಳಕೆಯ ಸಿಲಿಂಡರ್ ದರ 1,103 ರೂಪಾಯಿಗೆ ಮುಟ್ಟಿತ್ತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ 200 ರೂಪಾಯಿ ಇಳಿಯಿತು. ಅಕ್ಟೋಬರ್‌ನಲ್ಲಿ ಉಜ್ವಲಾದವರಿಗೆ ಸಬ್ಸಿಡಿ 300 ರೂಪಾಯಿಗೆ ಏರಿತು. ಆದರೆ ಸಬ್ಸಿಡಿ ಬರುವುದು ಆಮೇಲೆ, ಬ್ಯಾಂಕ್ ಖಾತೆಗೆ. ಸಿಲಿಂಡರ್ ತಂದವನಿಗೆ ಬಾಗಿಲಲ್ಲೇ ಪೂರ್ತಿ ಹಣ ಎಣಿಸಬೇಕು. ವಾರದ ಬೀಡಿ ಮಜೂರಿಯಲ್ಲಿ ಮನೆ ನಡೆಸುವವಳಿಗೆ ಎಂಟುನೂರು, ಒಂಬೈನೂರು ರೂಪಾಯಿ ಒಟ್ಟಿಗೆ ತೆಗೆದಿಡುವುದೇ ಕಷ್ಟ. ತೋಟದ ಮಡಲಿಗೆ ಹಣ ಕೊಡಬೇಕಿಲ್ಲ. ಜೊತೆಗೆ ನಮ್ಮದು ಕುಚ್ಚಲಕ್ಕಿಯ ಊಟ. ಅದು ಬೇಯಲು ಎಷ್ಟು ಹೊತ್ತು ಬೇಕೆಂದು ಬೆಳ್ತಿಗೆ ಅನ್ನ ಉಣ್ಣುವವರಿಗೆ ಅಂದಾಜಾಗದು. ಅದರ ಮೇಲೆ ಸ್ನಾನದ ನೀರಿನ ಹಂಡೆ. ಇವೆರಡನ್ನೂ ಗ್ಯಾಸಿನ ಮೇಲಿಡುವ ಧೈರ್ಯ ಬಡ ಮನೆಗೆ ಬರುವುದಿಲ್ಲ.

ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ಹಳ್ಳಿಯ ಬದುಕಿಗೆ ವಿಜ್ಞಾನವನ್ನು ಮುಟ್ಟಿಸುವುದೇ ಅದರ ಉದ್ದೇಶ. ಅಲ್ಲಿ ರೂಪುಗೊಂಡದ್ದೇ ಅಸ್ತ್ರ ಒಲೆ. ಒಂದೇ ಬೆಂಕಿಯಲ್ಲಿ ಮೂರು ಪಾತ್ರೆ ಬಿಸಿಯಾಗುತ್ತಿತ್ತು, ಹೊಗೆ ಕೊಳವೆಯ ಮೂಲಕ ಮಾಡಿನ ಮೇಲೆ ಹೋಗುತ್ತಿತ್ತು. ಸೌದೆಯೂ ಉಳಿಯುತ್ತಿತ್ತು. ಅಷ್ಟು ಒಳ್ಳೆಯ ಒಲೆಯೂ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿತು. ಕೊಳವೆಯಲ್ಲಿ ಮಸಿ ಕಟ್ಟಿದಾಗ ಶುಚಿಮಾಡಿ ಕೊಡುವವರಿಲ್ಲ, ಬಿರುಕು ಬಿಟ್ಟಾಗ ಸರಿಮಾಡುವವರಿಲ್ಲ. ಒಲೆ ಹಾಕಿಕೊಟ್ಟ ದಿನ ಇರುವ ಉತ್ಸಾಹ ಅದನ್ನು ನೋಡಿಕೊಳ್ಳುವುದರಲ್ಲಿ ಇರಲಿಲ್ಲ. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ 2002ರಲ್ಲಿ ನಿಂತುಹೋಯಿತು. ಕೊಟ್ಟದ್ದನ್ನು ಲೆಕ್ಕ ಹಾಕುವುದು ಸುಲಭ. ಬಳಕೆಯಾಗುತ್ತಿದೆಯೇ ಎಂದು ಮತ್ತೆ ಮತ್ತೆ ಬಂದು ಕೇಳುವುದು ಕಷ್ಟ.

ಈಗ ಇನ್ನೊಂದು ದಾರಿ ತೆರೆದಿದೆ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, ಬಾಡಿಗೆ ಮನೆಯವರಿಗೂ ಉಚಿತ. ಹಾಗಾದರೆ ಇಂಡಕ್ಷನ್ ಒಲೆಯಲ್ಲೇ ಅಡಿಗೆ ಮಾಡಬಹುದಲ್ಲವೇ ಎಂದು ಯಾರಿಗಾದರೂ ಅನ್ನಿಸಬೇಕು. ಆದರೆ ಯೋಜನೆಯ ನಿಯಮವನ್ನು ಸರಿಯಾಗಿ ಓದಬೇಕು. ಎಲ್ಲರಿಗೂ ಸಿಗುವುದು 200 ಯೂನಿಟ್ ಅಲ್ಲ. 2022-23ರಲ್ಲಿ ಆ ಮನೆ ಬಳಸಿದ ಸರಾಸರಿ ಯೂನಿಟ್‌ಗೆ ಸ್ವಲ್ಪ ಸೇರಿಸಿದಷ್ಟು ಮಾತ್ರ ಉಚಿತ. ಅದರ ಮೇಲಿನದಕ್ಕೆ ಹಣ ಕಟ್ಟಬೇಕು. ಫ್ರಿಜ್, ವಾಷಿಂಗ್ ಮೆಷಿನ್ ಇರುವ, ಮೊದಲೇ 170 ಯೂನಿಟ್ ಸುಡುತ್ತಿದ್ದ ಮನೆಗೆ 180ರ ಮೇಲೆ ಉಚಿತ. ಎರಡು ಬಲ್ಬು, ಒಂದು ಫ್ಯಾನಿನಲ್ಲಿ 50 ಯೂನಿಟ್‌ಗೆ ಮುಗಿಸುತ್ತಿದ್ದ ಮನೆಗೆ ಐವತ್ತೈದು ಅರುವತ್ತರ ಆಸುಪಾಸು. 2,000 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ಪೂರ್ಣ ಬಿಸಿಯಲ್ಲಿ ದಿನಕ್ಕೆ ಒಂದು ಗಂಟೆ ಉರಿಸಿದರೆ ತಿಂಗಳಿಗೆ 60 ಯೂನಿಟ್ ಆಗುತ್ತದೆ. ಆ ಬಡ ಮನೆ ಕಟ್ಟಿಗೆ ಬಿಡಲು ಹೊರಟರೆ ಆ ಯೂನಿಟ್‌ಗಳೆಲ್ಲ ಬಿಲ್ಲಿನಲ್ಲಿ ಬರುತ್ತವೆ. ಹೆಚ್ಚು ಬಳಸಿದವರಿಗೆ ಹೆಚ್ಚು, ಕಡಿಮೆ ಬಳಸಿದವರಿಗೆ ಕಡಿಮೆ! ಮಿತವ್ಯಯದಿಂದ ಬದುಕಿದವಳಿಗೆ ಸಿಕ್ಕ ಬಹುಮಾನ ಇದೇ? ಬಿ.ಪಿ.ಎಲ್. ಕುಟುಂಬಗಳಿಗೆ ಅಡಿಗೆಗೆಂದೇ ಪ್ರತ್ಯೇಕ 60 ಯೂನಿಟ್ ಸೇರಿಸಿ ಕೊಡಬೇಕೆಂದು ನಾವು ಕೇಳಬಹುದು. ಬಿಸಿಲಿನಿಂದಲೂ ಗಾಳಿಯಿಂದಲೂ ಇಷ್ಟೊಂದು ವಿದ್ಯುತ್ ತಯಾರಿಸುವ ರಾಜ್ಯಕ್ಕೆ ಇದು ಆಗದ ಮಾತಲ್ಲ.

ಇನ್ನೊಂದು ಲಾಭವೂ ಇದೆ. ನಮ್ಮ ದೇಶ ಬಳಸುವ ಅಡಿಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಮುಖ್ಯವಾಗಿ ಗಲ್ಫ್ ದೇಶಗಳಿಂದ ಬರುತ್ತದೆ. ಅಲ್ಲಿ ತೊಂದರೆಯಾದರೆ ಅದರ ಬಿಸಿ ಇಲ್ಲಿಯ ಒಲೆಗೆ ತಟ್ಟುತ್ತದೆಂದು ಗಲ್ಫಿನಲ್ಲಿ ಮನೆಯವರಿರುವ ನಮ್ಮ ಹೆಂಗಸರಿಗೆ ಬೇರೆಯವರು ತಿಳಿಸಿ ಹೇಳಬೇಕೇ?

ಆದರೆ ಎಲ್ಲವನ್ನೂ ಸರಕಾರದ ತಲೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಸಂಪರ್ಕ ಹೆಣ್ಣಿನ ಹೆಸರಿನಲ್ಲಿದ್ದರೂ ಸಿಲಿಂಡರ್ ತುಂಬಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಹಲವು ಮನೆಗಳಲ್ಲಿ ಗಂಡಸರೇ. ಮೊಬೈಲಿಗೆ ರೀಚಾರ್ಜ್ ತಪ್ಪುವುದಿಲ್ಲ, ಬೈಕಿಗೆ ಪೆಟ್ರೋಲ್ ತಪ್ಪುವುದಿಲ್ಲ. ಗ್ಯಾಸ್ ಮುಗಿದರೆ ಮಾತ್ರ "ಸೌದೆ ಇದೆಯಲ್ಲ" ಎಂಬ ಉತ್ತರ. ನಾವು ಮದ್ರಸದಲ್ಲಿ ಫಿಕ್ಹ್ ಓದುವಾಗ ನಫಕಃ, ಅಂದರೆ ಪತ್ನಿಯ ಜೀವನಾಂಶದ ಅಧ್ಯಾಯವನ್ನು ಓದಿದ್ದೇವೆ. ನಮ್ಮ ಕರಾವಳಿಯಲ್ಲಿ ಅನುಸರಿಸುವ ಶಾಫಿಈ ಮದ್‌ಹಬ್‌ನ ವಿದ್ವಾಂಸರು ಧಾನ್ಯ ತಂದುಕೊಟ್ಟರೆ ಪತಿಯ ಹೊಣೆ ತೀರಿತೆಂದು ಹೇಳಿಲ್ಲ. ಅದನ್ನು ಬೀಸುವ, ಬೇಯಿಸುವ ಖರ್ಚು, ಅಡಿಗೆಯ ಪಾತ್ರೆಗಳು ಕೂಡಾ ಆ ಹೊಣೆಯಲ್ಲಿ ಸೇರಿವೆ. ನೂರಾರು ವರ್ಷಗಳ ಹಿಂದೆ ಇಷ್ಟು ಸೂಕ್ಷ್ಮವಾಗಿ ಆಲೋಚಿಸಿದ ಶಾಸ್ತ್ರ ನಮ್ಮದು. ಯಾರಿಗೂ ಹಾನಿಯಾಗಕೂಡದೆಂಬುದು ಅದರ ಮೂಲತತ್ವಗಳಲ್ಲೊಂದು. ಹಾಗಿರುವಾಗ, ಶಕ್ತಿಯಿದ್ದೂ ಪತ್ನಿಯನ್ನು ಹೊಗೆಯಲ್ಲಿ ಬೇಯಿಸುವವನು ತನ್ನ ಹೊಣೆಯನ್ನು ಪೂರ್ತಿಯಾಗಿ ಮುಗಿಸಿದ್ದಾನೆಯೇ? ಹೊಗೆಯಿಲ್ಲದ ಒಲೆಯನ್ನು ಹೆಣ್ಣು ಉಪಕಾರವೆಂದು ಬೇಡಬೇಕಾಗಿಲ್ಲ. ಅದು ಅವಳ ಹಕ್ಕಿನ ಭಾಗವೆಂದೇ ನನ್ನ ತಿಳುವಳಿಕೆ.

ಶಕ್ತಿಯಿಲ್ಲದವರ ಮಾತು ಬೇರೆ. ಅಲ್ಲಿ ಸಮುದಾಯ ಬರಬೇಕು. ರಮಝಾನ್ ಬಂತೆಂದರೆ ಊರೂರಲ್ಲಿ ಕಿಟ್‌ಗಳು ಹಂಚಿಕೆಯಾಗುತ್ತವೆ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಖರ್ಜೂರ ಎಲ್ಲ ಇರುತ್ತದೆ. ಅದನ್ನು ಬೇಯಿಸುವುದು ಯಾವುದರಲ್ಲಿ ಎಂದು ನಾವು ಕೇಳುವುದಿಲ್ಲ. ಸಹ್ರಿಗೆ ಮೂರು ಗಂಟೆಗೆ ಎದ್ದು, ಉಪವಾಸದಲ್ಲೇ ಸಂಜೆಯ ತನಕ ಹೊಗೆ ಕುಡಿಯುವ ಆ ತಾಯಿಯ ಕಿಟ್‌ನಲ್ಲಿ ಒಂದು ಸಿಲಿಂಡರ್‌ನ ಹಣವೂ ಇದ್ದರೆ ಎಷ್ಟು ಚೆನ್ನ! ಮೊಹಲ್ಲಾದ ಜಮಾಅತಿನವರು ವಿಧವೆಯರ, ರೋಗಿಗಳ, ಬಾಣಂತಿಯರ ಮನೆಗಳನ್ನು ಗುರುತಿಸಿ ವರ್ಷಕ್ಕೆ ನಾಲ್ಕು ಸಿಲಿಂಡರ್‌ಗಳ ಹೊಣೆ ಹೊತ್ತರೆ ಸಾಕು, ಈಗ ನಾಲ್ಕು ಬರುವ ಮನೆಗೆ ಎಂಟು ಬರುತ್ತದೆ. ಝಕಾತ್‌ಗೆ ಅರ್ಹರಾದವರಿಗೆ ಝಕಾತ್‌ನ ಹಣವನ್ನೇ ಕೈಗೆ ಕೊಡಬಹುದು, ಉಳಿದವರಿಗೆ ಸದಕಾ ಇದ್ದೇ ಇದೆ. ಕೊಡುವುದನ್ನು ಆ ಹೆಣ್ಣಿನ ಕೈಗೇ ಕೊಡಿ.

ನಾವು ಹೆಂಗಸರೂ ಮಾಡಬಹುದಾದ ಕೆಲವು ಕೆಲಸಗಳಿವೆ. ಕುಚ್ಚಲಕ್ಕಿಯನ್ನು ಇಪ್ಪತ್ತು ನಿಮಿಷ ಕುದಿಸಿ ತರ್ಮಲ್ ಕುಕ್ಕರ್‌ನಲ್ಲಿಟ್ಟರೆ ಉಳಿದದ್ದು ತನ್ನ ಬಿಸಿಯಲ್ಲೇ ಬೇಯುತ್ತದೆ. ಅಕ್ಕಿಯನ್ನು ಮೊದಲೇ ನೆನೆಸಿಟ್ಟರೆ ಗ್ಯಾಸ್ ಇನ್ನೂ ಉಳಿಯುತ್ತದೆ. ದನ ಸಾಕುವ ಮನೆಯವರು ಗೋಬರ್ ಗ್ಯಾಸಿನ ಬಗ್ಗೆ ಪಂಚಾಯತಿನಲ್ಲಿ ವಿಚಾರಿಸಬಹುದು. ಸೌದೆ ಒಲೆ ಬಿಡಲಾಗದವರು ಅದನ್ನು ಗಾಳಿಯಾಡುವಲ್ಲಿಗೆ ಸರಿಸಿ, ಮಗುವನ್ನು ದೂರ ಮಲಗಿಸಿದರೆ ಅದೂ ಒಂದು ರಕ್ಷಣೆಯೇ. ಗ್ರಾಮಸಭೆ ನಡೆಯುವಾಗ ರಸ್ತೆ, ಚರಂಡಿಗಳ ಜೊತೆಗೆ ಒಲೆಯ ಮಾತನ್ನೂ ಎತ್ತಬೇಕು. ಎಷ್ಟು ಮನೆಗೆ ಸಂಪರ್ಕ ಕೊಟ್ಟಿರಿ ಎಂಬುದರ ಬದಲು, ಎಷ್ಟು ಮನೆಯಲ್ಲಿ ಹೊಗೆ ನಿಂತಿತು ಎಂದು ಕೇಳೋಣ. ನಾವು ಕೇಳದಿದ್ದರೆ ಆ ಪ್ರಶ್ನೆ ಕೇಳಲು ಬೇರೆ ಯಾರೂ ಬರುವುದಿಲ್ಲ.

ಮನೆಮಂದಿಗೆ ಬೇಯಿಸಿ ಬಡಿಸುವ ಕೈಗಳಿಗೆ ಅಲ್ಲಾಹನು ಆರೋಗ್ಯವನ್ನು ಕರುಣಿಸಲಿ. ಆ ಕೈಗಳ ಹೊಣೆ ಯಾರ ಮೇಲಿದೆಯೋ ಅವರಿಗೆ ಅದನ್ನು ಅರಿತುಕೊಳ್ಳುವ ಮನಸ್ಸನ್ನೂ ಕೊಡಲಿ.